ಅವ್ವನ ಬಾಯಿ ಆಪರೇಷನ್ ಆದಮೇಲೆ ನಾಲ್ಕು ತಿಂಗಳು

ಅವ್ವನಿಗೆ ಬಾಯಿ ಕ್ಯಾನ್ಸರ್ ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು. ಆಧಾರ್ ಪ್ರಕಾರ ಅವಳಿಗೆ 71 ವರ್ಷ. ಅವಳ ಲೆಕ್ಕದಲ್ಲಿ ‘ನಿಮ್ಮಪ್ಪನಿಗಿಂತ ಎಂಟು ವರ್ಷ ಚಿಕ್ಕೋಳು’, ಅಷ್ಟೇ. ರೇಡಿಯೇಷನ್ ಮುಗಿದ ಮೇಲಿನ ಮೊದಲ ಚೆಕಪ್‌ಗೆ ಹೋದ ವಾರ ಹೋಗಿ ಬಂದೆವು. ಸದ್ಯಕ್ಕೆ ಎಲ್ಲಾ ಸರಿ ಇದೆ ಅಂದರು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ತಿಪಟೂರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಔಷಧಿ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ. ಆದರೆ ರಾತ್ರಿ ಹೊತ್ತು ಅವ್ವನ ಮೂಗಿಗೆ ಹಾಕಿದ್ದ ಊಟದ ನಳಿಕೆ ಕಟ್ಟಿಕೊಂಡಾಗ ಮೊಬೈಲ್ ಹಿಡಿದು ಒಬ್ಬನೇ ಹುಡುಕುತ್ತಾ ಕೂತಿದ್ದೆನಲ್ಲ, ಆಗ ಇಂಥದ್ದೊಂದು ಕನ್ನಡದಲ್ಲಿ ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತ್ತು.

ಶುರುವಾಗಿದ್ದು ಗೌರಿ ಹಬ್ಬದ ಹೊತ್ತಿಗೆ. ಎಡಗೆನ್ನೆ ಒಳಗೆ ಹುಣ್ಣು, ಖಾರ ತಿಂದರೆ ಉರಿ ಅಂದಳು. ಹಲ್ಲು ಚುಚ್ಚಿ ಆಗಿರಬೇಕು ಅಂದುಕೊಂಡೆವು. ತುಪ್ಪ ಹಚ್ಚಿಕೊಂಡಳು, ಮೆಡಿಕಲ್ ಶಾಪಿನ ಜೆಲ್ ಹಚ್ಚಿಕೊಂಡಳು, ಬಿ ಕಾಂಪ್ಲೆಕ್ಸ್ ನುಂಗಿದಳು. ಅವ್ವ ನಲವತ್ತು ವರ್ಷದಿಂದ ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುವವಳು. ಅದನ್ನು ಎಡಗೆನ್ನೆಗೇ ಒತ್ತರಿಸಿ ಇಟ್ಟುಕೊಳ್ಳುತ್ತಿದ್ದಳು, ಎಷ್ಟೋ ಸಲ ಹಾಗೇ ನಿದ್ದೆ ಹೋಗುತ್ತಿದ್ದಳು. ನಮ್ಮ ಕಡೆ ಹೆಂಗಸರು ಕಡ್ಡಿಪುಡಿ ಹಾಕಿದರೆ ಯಾರೂ ಅದನ್ನು ತಂಬಾಕು ಅಂತ ಲೆಕ್ಕ ಹಿಡಿಯುವುದೇ ಇಲ್ಲ. ಬೀಡಿ ಸೇದುವವನನ್ನು ಬೈಯುತ್ತೇವೆ, ಸಂಚಿ ಬಿಚ್ಚಿದ ಅಜ್ಜಿ ಹತ್ತಿರ ನಾವೇ ಒಂದು ಎಲೆ ಇಸ್ಕೊಳ್ಳುತ್ತೇವೆ. ದೀಪಾವಳಿ ಬರುವಷ್ಟರಲ್ಲಿ ಬಾಯಿ ಎರಡು ಬೆರಳು ಹಿಡಿಸುವಷ್ಟೂ ತೆರೆಯುತ್ತಿರಲಿಲ್ಲ. ಹಲ್ಲಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿದವರೇ ಟಾರ್ಚ್ ಆರಿಸಿ, ‘ಎರಡು ಮೂರು ವಾರದಲ್ಲಿ ವಾಸಿಯಾಗದ ಹುಣ್ಣನ್ನ ಹಿಂಗೆ ಬಿಡೋದಾ?’ ಅಂದರು. ಬಯಾಪ್ಸಿಗೆ, ಅಂದರೆ ಹುಣ್ಣಿನ ಚೂರು ತೆಗೆದು ಪರೀಕ್ಷೆ ಮಾಡಿಸಲು, ಬರೆದುಕೊಟ್ಟರು.

ರಿಪೋರ್ಟ್ ಬಂತು. ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಅಂದರೆ ಕ್ಯಾನ್ಸರೇ. ಅದನ್ನು ನನ್ನ ಮಿಷನ್ನಿನಲ್ಲೇ ಹತ್ತು ಕಾಪಿ ತೆಗೆದೆ. ಆ ಗಾಜಿನ ಮೇಲೆ ಎಷ್ಟು ಜನರ ರಿಪೋರ್ಟ್ ಇಟ್ಟಿದ್ದೇನೋ, ಒಂದನ್ನೂ ಓದಿರಲಿಲ್ಲ. ಮನೆಗೆ ಹೋಗಿ ಅವ್ವನಿಗೆ ‘ಬೆಂಗಳೂರಿಗೆ ಹೋಗಬೇಕು, ಗಡ್ಡೆ ತೆಗೀಬೇಕಂತೆ’ ಅಂದೆ. ಅವಳು ಏನೂ ಕೇಳಲಿಲ್ಲ. ಮಾರನೆ ದಿನ ಬೆಳಿಗ್ಗೆ ತನ್ನ ಸಂಚಿ ತಂದು ನನ್ನ ಕೈಗೆ ಇಟ್ಟಳು. ‘ಪುಡಿ ಎಸೆದುಬಿಡು, ಸಂಚಿ ಎಸೀಬೇಡ’ ಅಂದಳು. ನಾವು ಬಚ್ಚಿಟ್ಟಿದ್ದೆಲ್ಲ ಅವಳಿಗೆ ಮೊದಲೇ ಗೊತ್ತಿತ್ತು.

ನಮ್ಮ ಕಡೆ ಕ್ಯಾನ್ಸರ್ ಅಂದರೆ ಕಿದ್ವಾಯಿ ಅನ್ನುವುದು ರೂಢಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬೇರೆ ಆಸ್ಪತ್ರೆಗಳೂ ಇವೆ. ನಾವು ಹೋದ ಆಸ್ಪತ್ರೆ ಹೆಸರು ಬರೆಯಲ್ಲ, ಯಾಕೆಂದರೆ ಕೆಲವು ಕಡೆ ಗೊಣಗಿದ್ದೇನೆ, ಹಾಗಂತ ಅಲ್ಲಿನವರು ಕೆಟ್ಟವರೇನಲ್ಲ. ಯೋಜನೆ ಲೆಕ್ಕ ಹೀಗೆ: ಬಿಪಿಎಲ್ ಕಾರ್ಡ್ ಇದ್ದರೆ ಇಡೀ ಕುಟುಂಬಕ್ಕೆ ಸೇರಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಫ್ರೀ. ಎಪಿಎಲ್ ಆದರೆ ಆ ಚಿಕಿತ್ಸೆಗೆ ಗೊತ್ತುಮಾಡಿದ ಪ್ಯಾಕೇಜ್ ದರದಲ್ಲಿ ಸರ್ಕಾರ ಕೊಡುವುದು 30 ಪರ್ಸೆಂಟ್ ಮಾತ್ರ, ಅದೂ ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಲೆಟರ್ ಬೇಕು. ಎಮರ್ಜೆನ್ಸಿ ಆದರೆ ಮಾತ್ರ ಅದು ಬೇಡ. ಇದು ಗೊತ್ತಿಲ್ಲದೆ ನಾವು ಸೀದಾ ಬೆಂಗಳೂರಿಗೆ ಹೋಗಿ, ಕೌಂಟರಿನಲ್ಲಿ ಒಂದೂವರೆ ಗಂಟೆ ನಿಂತು, ವಾಪಸ್ ಬಂದೆವು. ಒಂದು ದಿನ ಹಾಳು.

ಎರಡನೇ ಸಲ ಹೋದಾಗ ಹೆಸರಿನ ತಕರಾರು. ಆಧಾರಿನಲ್ಲಿ ಅವ್ವನ ಹೆಸರಿನ ಕೊನೆಗೆ ‘ಅಮ್ಮ’ ಇದೆ, ರೇಷನ್ ಕಾರ್ಡಿನಲ್ಲಿ ಇಲ್ಲ. ಅದು ಹೇಗೋ ಸರಿಹೋಯಿತು ಅನ್ನುವಷ್ಟರಲ್ಲಿ ಹೆಬ್ಬೆಟ್ಟು. ಅವ್ವ ಐವತ್ತು ವರ್ಷ ಕೊಬ್ಬರಿ ಕೆಲಸ ಮಾಡಿದವಳು. ಕರಟ ಬಿಡಿಸಿ ಬಿಡಿಸಿ ಬೆರಳಲ್ಲಿ ಗೆರೆಗಳೇ ಉಳಿದಿಲ್ಲ. ಮಿಷನ್ ಮೇಲೆ ಹತ್ತೂ ಬೆರಳು ಇಟ್ಟರೂ ಕೆಂಪು ದೀಪ. ಆ ಹುಡುಗ ‘ಅಜ್ಜಿ ಇನ್ನೊಂದ್ಸಲ ಒತ್ತಿ’ ಅಂತ ಹೇಳಿ ಹೇಳಿ ಸುಸ್ತಾದ. ಪಕ್ಕದ ಕೌಂಟರಿನ ಹೆಂಗಸು ‘ಕಣ್ಣು ತಗೊಳ್ಳೋ’ ಅಂದ ಮೇಲೆ ಕಣ್ಣಿನ ಸ್ಕ್ಯಾನರ್ ತಂದರು, ಅರ್ಧ ನಿಮಿಷದಲ್ಲಿ ಆಯಿತು. ನಿಮ್ಮ ಮನೆಯಲ್ಲೂ ಕೈ ಸವೆದವರು ಇದ್ದರೆ ಮೊದಲೇ ಕಣ್ಣಿನ ಸ್ಕ್ಯಾನರ್ ಇದೆಯಾ ಅಂತ ಕೇಳಿ. ಆಧಾರಿಗೆ ಯಾವ ಮೊಬೈಲ್ ನಂಬರ್ ಲಿಂಕ್ ಆಗಿದೆ ಅಂತಲೂ ನೋಡಿಕೊಂಡು ಹೋಗಿ. ನಮ್ಮದು ತೀರಿಹೋದ ಅಪ್ಪನ ನಂಬರಿಗೆ ಲಿಂಕ್ ಆಗಿತ್ತು.

ಝೆರಾಕ್ಸ್ ಅಂಗಡಿಯವನಿಗೇ ಝೆರಾಕ್ಸ್ ಸಾಲಲಿಲ್ಲ ಅಂದರೆ ನಗ್ತೀರಿ. ಪ್ರತಿ ಕೌಂಟರಿನಲ್ಲೂ ಒಂದು ಸೆಟ್ ಇಟ್ಟುಕೊಳ್ಳುತ್ತಾರೆ. ಆಸ್ಪತ್ರೆ ಎದುರು ಒಂದು ಕಾಪಿಗೆ ಐದು ರೂಪಾಯಿ ಕೊಟ್ಟಾಗ ಆದ ಸಂಕಟ ಬಿಲ್ ನೋಡಿದಾಗಲೂ ಆಗಲಿಲ್ಲ.

ಸಿ.ಟಿ. ಸ್ಕ್ಯಾನ್ ಆಯಿತು. ಎಡ ದವಡೆ ಮೂಳೆಗೂ ತಾಗಿದೆ, ಕತ್ತಿನ ಗಂಟುಗಳ ಮೇಲೂ ಅನುಮಾನ ಅಂದರು. ಕೆನ್ನೆ ಒಳಭಾಗ, ದವಡೆಯ ಒಂದು ತುಂಡು, ಕತ್ತಿನ ಗಂಟುಗಳು ಎಲ್ಲಾ ತೆಗೆದು, ಎದೆಯ ಸ್ನಾಯು ಮತ್ತು ಚರ್ಮವನ್ನು ಕತ್ತಿನ ಒಳಗಿಂದ ಮೇಲಕ್ಕೆ ತಂದು ಬಾಯೊಳಗೆ ಹೊಲಿಯುತ್ತಾರಂತೆ. ಸರ್ಜನ್ನು ಒಂದು ಹಾಳೆ ಮೇಲೆ ಪೆನ್ನಿನಲ್ಲಿ ಮುಖ ಬರೆದು ತೋರಿಸಿದರು. ಅವ್ವ ಆ ಚಿತ್ರ ನೋಡಿ ‘ಮೂಗು ಚೆನ್ನಾಗಿ ಬರ್ದಿಲ್ಲ’ ಅಂದಳು.

ಆಮೇಲೆ ಕಾಯುವುದು. ಅರಿವಳಿಕೆ ಡಾಕ್ಟರ ಹತ್ತಿರ ಹೋದರೆ ಸಕ್ಕರೆ 260. ಇದು ಇಳಿಯದೆ ಆಗಲ್ಲ ಅಂತ ಡೇಟ್ ಮುಂದೆ ಹಾಕಿದರು. ಇನ್ಸುಲಿನ್ ಶುರುವಾಯಿತು. ಹೃದಯದ ಎಕೋ ಆಯಿತು. ಎರಡು ಯೂನಿಟ್ ರಕ್ತಕ್ಕೆ ಬದಲಿ ದಾನಿಗಳು ಬೇಕು ಅಂದರು. ಊರಿಂದ ಐದು ಹುಡುಗರನ್ನು ಕರೆದುಕೊಂಡು ಹೋದೆ, ಪಾಸಾದವರು ಇಬ್ಬರು. ಒಬ್ಬನಿಗೆ ಬಿಪಿ ಜಾಸ್ತಿ, ಒಬ್ಬನ ಮೈಯಲ್ಲಿ ರಕ್ತ ಕಮ್ಮಿ, ಇನ್ನೊಬ್ಬ ಹೋದ ತಿಂಗಳು ಹಚ್ಚೆ ಹಾಕಿಸಿಕೊಂಡಿದ್ದ. ಹಾಗಾಗಿ ಬೇಕಾದವರಿಗಿಂತ ಜಾಸ್ತಿ ಜನರನ್ನು ಒಪ್ಪಿಸಿಟ್ಟುಕೊಳ್ಳಿ.

ಈ ಕಾಯುವ ಸಮಯದಲ್ಲಿ ನಾವು ಮಾಡದೆ ಬಿಟ್ಟ ಒಂದು ಕೆಲಸ ಆಮೇಲೆ ಬಹಳ ಕಾಡಿತು. ಹುಳುಕು ಹಲ್ಲುಗಳನ್ನು ತೋರಿಸಲಿಲ್ಲ. ರೇಡಿಯೇಷನ್ ಬೇಕಾಗಬಹುದು ಅನ್ನುವ ಸಾಧ್ಯತೆ ಇದ್ದರೆ ಕೆಟ್ಟ ಹಲ್ಲುಗಳನ್ನು ಮೊದಲೇ ಕೀಳಬೇಕು, ಆಮೇಲೆ ಕಿತ್ತರೆ ದವಡೆ ಮೂಳೆ ವಾಸಿಯಾಗದೆ ಉಳಿಯುವ ಅಪಾಯ ಇದೆ. ಆಪರೇಷನ್ ಟೇಬಲ್ ಮೇಲೆ ಮತ್ತಿನಲ್ಲಿ ಇದ್ದಾಗಲೇ ಕೀಳಬಹುದಿತ್ತಂತೆ. ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಡಿಸೆಂಬರ್ ಎರಡನೇ ವಾರ ಆಪರೇಷನ್. ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದವರು ಸಂಜೆ ನಾಲ್ಕೂವರೆಗೆ ಹೊರಗೆ ಬಂದು, ಆಯಿತು ಅಂದರು. ಐಸಿಯು ಗಾಜಿನಿಂದ ನೋಡಿದೆ. ಮುಖ ಊದಿಕೊಂಡು ಗುರುತೇ ಸಿಗಲಿಲ್ಲ. ಗಂಟಲಲ್ಲಿ ಉಸಿರಾಟದ ಟ್ಯೂಬು, ಮೂಗಲ್ಲಿ ಊಟದ ಟ್ಯೂಬು, ಕತ್ತಿನಿಂದ ಎದೆಯಿಂದ ಗಾಯದ ನೀರು ಹೊರಗೆ ಹೋಗಲು ಒಂದೊಂದು ಡ್ರೈನ್, ಕೆಳಗೆ ಮೂತ್ರದ ಟ್ಯೂಬು. ಕಾಲು ನೋಡಿ ಅವ್ವ ಅಂತ ಗುರುತು ಹಿಡಿದೆ, ಹಿಮ್ಮಡಿ ಒಡಕು ನೋಡಿ. ನನ್ನ ತಂಗಿಗೆ ಇದನ್ನೆಲ್ಲ ಮೊದಲೇ ಹೇಳಿ ಕರೆತರಬೇಕಿತ್ತು, ಗಾಜಿಗೆ ಹಣೆ ಇಟ್ಟವಳು ಅಲ್ಲೇ ಕುಸಿದು ಕೂತಳು.

ಎರಡು ದಿನ ಐಸಿಯು, ಆಮೇಲೆ ವಾರ್ಡು. ಇಲ್ಲಿ ಇನ್ನೊಂದು ಅಡ್ಡಿ: ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರು ಇರುವ ಹಾಗಿಲ್ಲ. ನಾನು ಅಂಗಡಿ ಮುಚ್ಚಿ, ಹದಿನೈದು ದಿನದ ಬಟ್ಟೆ ತಗೊಂಡು ನಾನೇ ನೋಡಿಕೊಳ್ಳುತ್ತೇನೆ ಅಂತ ಬಂದಿದ್ದೆ. ರಾತ್ರಿ ಎಂಟಕ್ಕೆ ಸೆಕ್ಯುರಿಟಿಯವರು ಹೊರಗೆ ಕಳಿಸಿದರು. ಅರಸೀಕೆರೆಯ ತಂಗಿ ಮಕ್ಕಳನ್ನು ಅತ್ತೆ ಹತ್ತಿರ ಬಿಟ್ಟು ಬಂದಳು. ಹಗಲು ನಾನು, ರಾತ್ರಿ ಅವಳು. ನಾನು ಮಲಗುತ್ತಿದ್ದದ್ದು ಕ್ಯಾಂಟೀನ್ ಪಕ್ಕದ ಶೆಡ್ಡಿನಲ್ಲಿ, ಚಾಪೆ ಹಾಸಿಕೊಂಡು. ಬೆಂಗಳೂರಿನ ಡಿಸೆಂಬರ್ ಚಳಿ ಗೊತ್ತಲ್ಲ, ಕಂಬಳಿ ತಗೊಂಡು ಹೋಗಿ.

ವಾರ್ಡಿನ ಎರಡನೇ ರಾತ್ರಿ ಏನಾಯಿತು ಅಂದರೆ, ಅವ್ವ ಟ್ಯೂಬುಗಳನ್ನು ಕೀಳಲು ಶುರುಮಾಡಿದಳಂತೆ. ತಂಗಿ ಕೈ ಹಿಡಿದರೆ ತಂಗಿಯನ್ನೇ ದೂಡಿದಳಂತೆ. ನಾನು ಬೆಳಿಗ್ಗೆ ಆರಕ್ಕೆ ಫ್ಲಾಸ್ಕ್ ಹಿಡಿದು ಹೋದಾಗ ಅವ್ವ ಮಂಚದ ಮೇಲೆ ಕೂತಿದ್ದಳು. ಎರಡೂ ಕೈ ಗಾಳಿಯಲ್ಲಿ, ಹೆಬ್ಬೆರಳು ಮಡಚಿ, ಒಂದಾದ ಮೇಲೊಂದು ಕೆಳಕ್ಕೆ ಎಳೆಯುತ್ತಿದ್ದಳು. ಒಂದು ನಿಮಿಷ ಅರ್ಥವಾಗಲಿಲ್ಲ. ಹಾಲು ಕರೆಯುತ್ತಿದ್ದಾಳೆ. ನಮ್ಮ ಮನೆಯಲ್ಲಿ ಹಸು ಮಾರಿ ಆರು ವರ್ಷ ಆಗಿದೆ. ನಡುವೆ ಒಂದು ಸಲ ಕೈ ನಿಲ್ಲಿಸಿ, ಕರುವನ್ನು ಪಕ್ಕಕ್ಕೆ ಸರಿಸಿದ ಹಾಗೆ ಮಾಡಿ ಮತ್ತೆ ಶುರುಮಾಡಿದಳು.

ತಲೆ ಕೆಟ್ಟೇಹೋಯಿತು ಅಂತ ತಂಗಿ ಅತ್ತಳು. ವಯಸ್ಸಾದವರಿಗೆ ದೊಡ್ಡ ಆಪರೇಷನ್ ಆದಮೇಲೆ ಹೀಗೆ ಆಗುವುದು ಹೊಸದಲ್ಲ, ಡೆಲಿರಿಯಂ ಅಂತಾರೆ, ಬಹಳ ಜನರಿಗೆ ಕೆಲವು ದಿನದಲ್ಲಿ ಸರಿಹೋಗುತ್ತೆ ಅಂತ ಸಿಸ್ಟರ್ ಹೇಳಿದರು. ಮೊದಲೇ ಒಂದು ಮಾತು ಹೇಳಿದ್ದರೆ ಅಷ್ಟು ಗಾಬರಿ ಬೀಳುತ್ತಿರಲಿಲ್ಲ. ಉಪ್ಪಿನಂಶ, ಸಕ್ಕರೆ, ಜ್ವರ ಎಲ್ಲಾ ಚೆಕ್ ಮಾಡಿದರು. ಆ ಸಿಸ್ಟರ್ ಹೇಳಿದ್ದು ಇಷ್ಟು: ಕನ್ನಡಕ ಹಾಕಿ, ಹಗಲು ಕಿಟಕಿ ಪರದೆ ತೆಗೆದಿಡಿ, ಹಗಲು ಜಾಸ್ತಿ ನಿದ್ದೆ ಮಾಡೋಕೆ ಬಿಡಬೇಡಿ, ಇವತ್ತು ಯಾವ ವಾರ ಎಲ್ಲಿದ್ದೀವಿ ಅಂತ ಹೇಳ್ತಾ ಇರಿ, ಜಗಳ ಆಡಬೇಡಿ. ಕನ್ನಡಕ ನಮ್ಮ ಬ್ಯಾಗಿನ ತಳದಲ್ಲಿತ್ತು. ಮೂರು ದಿನದಿಂದ ಅವಳಿಗೆ ಎಲ್ಲಾ ಮಂಜು ಮಂಜು ಕಂಡಿರಬೇಕು, ನಮ್ಮ ಬುದ್ಧಿಗೆ ಹೊಳೆದೇ ಇರಲಿಲ್ಲ. ನಾಲ್ಕನೇ ದಿನಕ್ಕೆ ಸರಿಯಾದಳು. ಹಾಲು ಕರೆದದ್ದು ಅವಳಿಗೆ ನೆನಪಿಲ್ಲ. ಹೇಳಿದರೆ ‘ಎಷ್ಟು ಲೀಟರ್ ಕೊಟ್ಟಿತು?’ ಅಂತ ಈಗ ಕೇಳುತ್ತಾಳೆ.

ಗಂಟಲಲ್ಲಿ ಟ್ಯೂಬ್ ಇರುವವರೆಗೆ ಮಾತು ಬರುವುದಿಲ್ಲ. ಪಕ್ಕದ ಬೆಡ್ಡಿನವರು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ನಮ್ಮವ್ವನಿಗೆ ಓದು ಬರಹ ಇಲ್ಲ. ಮೊದಲ ದಿನ ಕೈಸನ್ನೆ ಮಾಡುತ್ತಾ, ನಮಗೆ ಅರ್ಥವಾಗದೆ ಇದ್ದಾಗ ಸಿಟ್ಟಿನಲ್ಲಿ ತಲೆ ಬಡಿದುಕೊಳ್ಳುತ್ತಿದ್ದಳು. ಕೊನೆಗೆ ತಂಗಿ ಒಂದು ಸ್ಟೀಲ್ ಚಮಚ ಕೊಟ್ಟಳು, ಮಂಚದ ಕಂಬಿಗೆ ಬಡಿಯಲು. ಒಂದು ಸಲ ಬಡಿದರೆ ಕಫ ತೆಗೆಯಬೇಕು, ಎರಡಾದರೆ ನೋವು, ಮೂರಾದರೆ ಮೂತ್ರ, ಸುಮ್ಮನೆ ಟಣಟಣ ಅಂದರೆ ಹತ್ತಿರ ಬಾ. ಅರ್ಧ ದಿನದಲ್ಲಿ ವಾರ್ಡಿನ ಆಯಾಗಳಿಗೂ ಆ ಲೆಕ್ಕ ಬಾಯಿಪಾಠ ಆಗಿತ್ತು. ಅಕ್ಷರ ಬಾರದವರನ್ನು ಆಪರೇಷನ್‌ಗೆ ಕರೆದುಕೊಂಡು ಹೋಗುವ ಮುಂಚೆ, ಇನ್ನೂ ಮಾತು ಇರುವಾಗಲೇ, ಇಂಥ ಲೆಕ್ಕ ಒಂದನ್ನು ಮಾಡಿಕೊಳ್ಳಿ. ನಾವು ಆದಮೇಲೆ ಮಾಡಿದೆವು.

ಎದೆಯಿಂದ ತಂದ ಚರ್ಮಕ್ಕೆ ರಕ್ತ ಸರಿಯಾಗಿ ಹೋಗುತ್ತಿದೆಯಾ ಅಂತ ಮೊದಲ ದಿನಗಳಲ್ಲಿ ಮತ್ತೆ ಮತ್ತೆ ಬಣ್ಣ ನೋಡುತ್ತಾರೆ. ಕತ್ತು ಆಪರೇಷನ್ ಆದ ಕಡೆಗೆ ವಾಲಬಾರದು, ಅಲ್ಲಿ ಬಿಗಿಯಾಗಿ ಏನೂ ಕಟ್ಟಬಾರದು. ಹಾಗೆ ವಾಲದಂತೆ ನೋಡಿಕೊಳ್ಳುವುದೇ ನನ್ನ ಹಗಲಿನ ಡ್ಯೂಟಿ. ಡ್ರೈನಿನಲ್ಲಿ ಎಷ್ಟು ಬಂತು ಅಂತ ದಿನಾ ಬರೆದಿಟ್ಟೆ. ದಿನಕ್ಕೆ 30 ಎಂ.ಎಲ್.ಗಿಂತ ಕಡಿಮೆ ಆದ ಮೇಲೆ ತೆಗೆದರು. ಏಳನೇ ದಿನ ಗಂಟಲ ಟ್ಯೂಬ್ ಹೋಯಿತು. ಮೊದಲ ಮಾತು ಏನು ಬರುತ್ತೋ ಅಂತ ನಾವಿಬ್ಬರೂ ಬಾಯಿ ನೋಡುತ್ತಾ ಕೂತಿದ್ದರೆ, ತೊದಲುತ್ತಾ ‘ಅಂಗಡಿ ಯಾರು ನೋಡ್ತಾವ್ರೆ?’ ಅಂದಳು.

ಹನ್ನೆರಡನೇ ದಿನ ಡಿಸ್ಚಾರ್ಜ್. ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿಸಿಕೊಳ್ಳಿ. ನಮ್ಮದರಲ್ಲಿ ಒಂದು ಕಡೆ ಎಡ, ಒಂದು ಕಡೆ ಬಲ ಅಂತ ಟೈಪ್ ಆಗಿತ್ತು. ಸರಿಮಾಡಿಸಲು ಎರಡು ಗಂಟೆ ಹಿಡಿಯಿತು. ಊರಿಗೆ ಹೋದ ಮೇಲೆ ಗೊತ್ತಾಗಿದ್ದರೆ ಮತ್ತೆ 140 ಕಿಲೋಮೀಟರ್ ಬರಬೇಕಿತ್ತು.

ಈಗ ಮನೆ ಕತೆ. ಆಪರೇಷನ್ ಮುಗಿದರೆ ಮುಗಿಯಿತು ಅಂದುಕೊಂಡಿದ್ದೆ. ಆಸ್ಪತ್ರೆಯಲ್ಲಿ ಗಂಟೆ ಒತ್ತಿದರೆ ಸಿಸ್ಟರ್ ಬರುತ್ತಿದ್ದರು, ಮನೆಯಲ್ಲಿ ನಾನೇ ಸಿಸ್ಟರ್. ಮೂಗಿನ ಟ್ಯೂಬಿಗೆ ರೈಲ್ಸ್ ಟ್ಯೂಬ್ ಅಂತಾರೆ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಎರಡೆರಡು ಗಂಟೆಗೆ 200 ಎಂ.ಎಲ್. ದಿನಕ್ಕೆ ಒಂಬತ್ತು ಸಲ. ಕೂರಿಸಿಕೊಂಡೇ ಕೊಡಬೇಕು, ಕೊಟ್ಟ ಮೇಲೂ ಅರ್ಧ ಮುಕ್ಕಾಲು ಗಂಟೆ ಮಲಗಿಸಬಾರದು. ಮೊದಲು ಸ್ವಲ್ಪ ನೀರು, ಆಮೇಲೆ ಗಂಜಿ, ಮತ್ತೆ ನೀರು. ಸಿರಿಂಜನ್ನು ಒತ್ತಿ ತಳ್ಳದೆ ಮೇಲೆ ಎತ್ತಿ ಹಿಡಿದರೆ ತಾನೇ ಇಳಿಯುತ್ತೆ.

ಮೊಟ್ಟೆ ಕೊಡಿ ಅಂದರು ಡಯಟೀಷಿಯನ್. ನಮ್ಮ ಮನೆಗೆ ಮೊಟ್ಟೆ ಬರಲ್ಲ ಅಂದಿದ್ದಕ್ಕೆ ಹೆಸರುಬೇಳೆ ಕಟ್ಟು, ಹಾಲು, ಮಜ್ಜಿಗೆ, ಪ್ರೋಟೀನ್ ಪುಡಿ, ರಾಗಿ ಗಂಜಿ ಅಂತ ಪಟ್ಟಿ ಮಾಡಿಕೊಟ್ಟರು. ರಾಗಿ ಗಂಜಿಯಲ್ಲೇ ಎಡವಿದ್ದು. ಸಾದಾ ರಾಗಿ ಹಿಟ್ಟಿನ ಗಂಜಿ ಬಿಸಿ ಇರುವಾಗ ನೀರಿನ ಹಾಗೆ ಕಾಣುತ್ತೆ, ಆರುತ್ತಾ ಆರುತ್ತಾ ಗಟ್ಟಿಯಾಗುತ್ತೆ. ಮೂರನೇ ದಿನ ರಾತ್ರಿ ಟ್ಯೂಬಿನಲ್ಲೇ ಕಟ್ಟಿಕೊಂಡಿತು. ಉಗುರುಬೆಚ್ಚಗಿನ ನೀರು ಹಾಕಿ, ಮೆಲ್ಲಗೆ ಹಿಂದೆ ಮುಂದೆ ಮಾಡುತ್ತಾ ಒಂದು ಗಂಟೆ ಒದ್ದಾಡಿದ ಮೇಲೆ ಬಿಟ್ಟುಕೊಂಡಿತು. ಮಾರನೆ ದಿನದಿಂದ ನನ್ನ ಹೆಂಡತಿ ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಶುರುಮಾಡಿದಳು. ಅದರ ಗಂಜಿ ಆರಿದರೂ ತೆಳ್ಳಗೇ ಇರುತ್ತೆ. ಹಳೇ ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿ ಕೊಟ್ಟರೆ ಕಟ್ಟಿಕೊಳ್ಳುವ ಮಾತೇ ಇಲ್ಲ. ಮಾತ್ರೆಗಳನ್ನು ಗಂಜಿಗೆ ಕಲಸಬೇಡಿ, ಬೇರೆ ನೀರಲ್ಲಿ ನುಣ್ಣಗೆ ಕರಗಿಸಿ ಹಾಕಿ. ಕೆಲವು ಮಾತ್ರೆ ಪುಡಿ ಮಾಡಲೇಬಾರದು, ಅವಕ್ಕೆ ಸಿರಪ್ ಇದೆಯಾ ಅಂತ ಡಿಸ್ಚಾರ್ಜ್ ದಿನವೇ ಕೇಳಿ. ಕೆಲವು ನೋವಿನ ಮಾತ್ರೆಯಿಂದ ಮಲಬದ್ಧತೆ ಆಗುತ್ತೆ. ಪಕ್ಕದ ಮನೆಯವರು ಇಸಬಗೋಲ್ ತಂದುಕೊಟ್ಟರು, ಅದನ್ನು ಟ್ಯೂಬಿಗೆ ಹಾಕಿದ್ದರೆ ಗೋಂದು ಆಗಿಬಿಡುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿದ್ದಕ್ಕೆ ಸಿರಪ್ ಹೇಳಿದರು.

ಆಪರೇಷನ್ ಆದ ಹದಿನೇಳನೇ ದಿನ ರಾತ್ರಿ ಎಂಟು ಗಂಟೆ. ಇನ್ಸುಲಿನ್ ಚುಚ್ಚಿ, ಗಂಜಿ ತರಲು ಒಳಗೆ ಹೋದೆ. ಹಿಂದೆ ಸೀನಿದ ಸದ್ದು. ಬಂದು ನೋಡಿದರೆ ಟ್ಯೂಬ್ ಅರ್ಧ ಹೊರಗೆ. ಮೂಗಿನ ಮೇಲಿನ ಟೇಪ್ ಬೆವರಿಗೆ ಸಡಿಲ ಆಗಿತ್ತು, ಬೆಳಿಗ್ಗೆಯೇ ನೋಡಿದ್ದೆ, ಆಮೇಲೆ ಹಾಕೋಣ ಅಂತ ಬಿಟ್ಟಿದ್ದೆ. ಒಳಗೆ ತಳ್ಳಬಾರದು, ಶ್ವಾಸನಾಳಕ್ಕೆ ಹೋಗಬಹುದು ಅನ್ನುವುದು ಗೊತ್ತಿತ್ತು. ಆದರೆ ಇನ್ಸುಲಿನ್ ಹೋಗಿಯಾಗಿದೆ, ಹೊಟ್ಟೆಗೆ ಏನೂ ಇಲ್ಲ, ಬಾಯಲ್ಲಿ ಒಂದು ಹನಿಯೂ ಕೊಡುವ ಹಾಗಿಲ್ಲ. ಒಂಬತ್ತೂವರೆಗೆ ಸಕ್ಕರೆ 78. ಅವ್ವ ಬೆವರಲು ಶುರುಮಾಡಿದಳು.

ಊರಿನ ಸರ್ಕಾರಿ ಆಸ್ಪತ್ರೆಗೆ ಓಡಿದೆವು. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ‘ಹೊಸದಾಗಿ ಹೊಲಿದಿರೋ ಬಾಯಿ, ನಾನು ಟ್ಯೂಬ್ ಹಾಕಲ್ಲ, ಆಪರೇಷನ್ ಮಾಡಿದವರೇ ಹಾಕಬೇಕು. ಆದರೆ ಸಕ್ಕರೆ ಬೀಳೋಕೆ ನಾನು ಬಿಡಲ್ಲ’ ಅಂತ ಗ್ಲೂಕೋಸ್ ಡ್ರಿಪ್ ಹಾಕಿದರು. ಅವರು ಧೈರ್ಯ ಮಾಡಿ ಟ್ಯೂಬ್ ತಳ್ಳದೆ ಇದ್ದದ್ದೇ ದೊಡ್ಡ ಉಪಕಾರ. ಸಕ್ಕರೆ ಒಂದು ಮಟ್ಟಕ್ಕೆ ಬಂದ ಮೇಲೆ ಆಂಬ್ಯುಲೆನ್ಸಿನಲ್ಲಿ ಡ್ರಿಪ್ ಸಮೇತ ಬೆಂಗಳೂರಿಗೆ ಹೊರಟೆವು, ಐದೂವರೆ ಸಾವಿರ. ಮೂರು ಗಂಟೆ ರಾತ್ರಿ, ಹತ್ತು ನಿಮಿಷದಲ್ಲಿ ಹೊಸ ಟ್ಯೂಬ್ ಹಾಕಿ, ಎಕ್ಸ್‌ರೇ ತೆಗೆದು ಜಾಗ ಖಾತ್ರಿ ಮಾಡಿಕೊಂಡು ಕಳಿಸಿದರು. ಬೆಳಗಿನ ಟ್ರೈನಿಗೆ ವಾಪಸ್. ದಾರಿಯುದ್ದಕ್ಕೂ ಅವ್ವ ನನ್ನ ಶರ್ಟಿನ ತುದಿ ಹಿಡಿದುಕೊಂಡೇ ಇದ್ದಳು.

ಆಮೇಲೆ ಡಾಕ್ಟರನ್ನು ಕೇಳಿ ಕ್ರಮ ಬದಲಾಯಿಸಿಕೊಂಡೆವು: ಮೊದಲು ಟ್ಯೂಬ್ ಸರಿ ಇದೆಯಾ ನೋಡಿ, ಗಂಜಿ ರೆಡಿ ಪಕ್ಕದಲ್ಲಿಟ್ಟುಕೊಂಡು, ಆಮೇಲೆ ಇನ್ಸುಲಿನ್. ಟೇಪ್ ದಿನಾ ಬದಲಿಸಿ, ಮೂಗಿನ ಜಿಡ್ಡು ಒರೆಸಿ ಹಾಕಿ. ಟ್ಯೂಬಿನ ಮೇಲೆ ಅಂಕಿ ಇರುತ್ತೆ, ಮೂಗಿನ ಹತ್ತಿರ ಯಾವ ಅಂಕಿ ಅಂತ ಗೋಡೆ ಮೇಲೆ ಬರೆದಿಡಿ. ಪ್ರತಿ ಸಲ ಕೊಡುವ ಮುಂಚೆ ನೋಡಿ.

ಓಡಾಟದ ಖರ್ಚಿನ ವಿಷಯ. ಶಕ್ತಿ ಯೋಜನೆ ಇರುವುದರಿಂದ ಅವ್ವನಿಗೂ ತಂಗಿಗೂ ಸಾದಾ ಸರ್ಕಾರಿ ಬಸ್ಸು ಫ್ರೀ, ಆಧಾರ್ ತೋರಿಸಿದರೆ ಆಯಿತು. ಆದರೂ ಟ್ರೈನೇ ವಾಸಿ, ಕುಲುಕಾಟ ಕಮ್ಮಿ, ಪಾಯಖಾನೆ ಇರುತ್ತೆ. ಕ್ಯಾನ್ಸರ್ ಚಿಕಿತ್ಸೆಗೆ ಹೋಗಿ ಬರುವವರಿಗೆ ರೈಲ್ವೆ ರಿಯಾಯಿತಿ ಇದೆ: ಸೆಕೆಂಡ್ ಕ್ಲಾಸಿನಲ್ಲಿ 75 ಪರ್ಸೆಂಟ್, ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೇಷೆಂಟಿಗೆ ಪೂರ್ತಿ, ಜೊತೆಯವರಿಗೆ 75 ಪರ್ಸೆಂಟ್. ಆಸ್ಪತ್ರೆಯಿಂದ ಫಾರಂ ತುಂಬಿಸಿ, ಡಾಕ್ಟರ ಸಹಿ ಸೀಲು ಹಾಕಿಸಿ, ಸ್ಟೇಷನ್ ಕೌಂಟರಿನಲ್ಲಿ ಕೊಡಬೇಕು. ಹತ್ತಿರದವರಿಗೆ ದೊಡ್ಡ ಉಳಿತಾಯ ಅಲ್ಲ, ಬೀದರ್ ಕಲಬುರಗಿ ಕಡೆಯಿಂದ ಬರುವವರು ಮಾತ್ರ ಬಿಡಲೇಬೇಡಿ. ಒಟ್ಟಾರೆ ಆಪರೇಷನ್ನು, ರೇಡಿಯೇಷನ್ನು ಕಾರ್ಡಿನಲ್ಲೇ ಆದವು. ಆದರೂ ಸ್ಕ್ಯಾನು, ರೂಮು, ಓಡಾಟ, ಪ್ರೋಟೀನ್ ಪುಡಿ, ಡೈಪರ್, ಆಂಬ್ಯುಲೆನ್ಸ್ ಎಲ್ಲಾ ಸೇರಿ ಕೈಯಿಂದ 94 ಸಾವಿರ ಹೋಯಿತು. ಅಂಗಡಿ ಮುಚ್ಚಿದ್ದು ಬೇರೆ. ಫ್ರೀ ಅಂತ ಖಾಲಿ ಜೇಬಿನಲ್ಲಿ ಹೋಗಬೇಡಿ.

ಬಂದು ಹೋಗುವವರ ಕಾಟ ಇನ್ನೊಂದು. ‘ಕತ್ತಿ ತಾಗಿದ್ರೆ ಹರಡುತ್ತಂತಲ್ಲಪ್ಪ’ ಅಂತ ಅವ್ವನ ಎದುರೇ ಹೇಳಿದವರಿದ್ದಾರೆ. ಮಲೆನಾಡಿನ ನಾಟಿ ಔಷಧಿ ಪೊಟ್ಟಣ ತಂದವರಿದ್ದಾರೆ, ಅದನ್ನು ಟ್ಯೂಬಿಗೆ ಹಾಕು ಅಂತ. ಅವ್ವನ ಎಡ ತುಟಿಯಿಂದ ಜೊಲ್ಲು ಇಳಿಯುತ್ತಿತ್ತು, ಅವಳಿಗೇ ಗೊತ್ತಾಗುತ್ತಿರಲಿಲ್ಲ, ಎದುರಿನವರ ಕಣ್ಣು ಅಲ್ಲಿಗೆ ಹೋದಾಗ ಗೊತ್ತಾಗುತ್ತಿತ್ತು. ಆಗ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ಒಂದು ದಿನ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ‘ಅತ್ತೆ ಮಲಗವ್ರೆ, ಒಂದು ತಿಂಗಳು ಬಿಟ್ಟು ಬನ್ನಿ’ ಅಂದಳು. ಬಂಧುಗಳು ಮುನಿಸಿಕೊಂಡರು. ಮುನಿಸಿಕೊಳ್ಳಲಿ ಬಿಡಿ. ನಮಗೂ ಒಂದು ತಪ್ಪು ತಿಳಿವಳಿಕೆ ಇತ್ತು: ಅವಳಿಗೆ ಬೇಜಾರಾಗಬಾರದು ಅಂತ ನಾವು ಹಿತ್ತಲಲ್ಲಿ ಕದ್ದು ಉಣ್ಣುತ್ತಿದ್ದೆವು. ಉಪ್ಸಾರಿನ ಒಗ್ಗರಣೆ ವಾಸನೆ ಮುಚ್ಚಿಡೋಕೆ ಆಗುತ್ತಾ? ‘ಇಲ್ಲೇ ಬಂದು ಉಣ್ರೋ, ನಾನೇನು ಕಣ್ ಹಾಕಲ್ಲ’ ಅಂದಳು.

ಕತ್ತಿನ ಆಪರೇಷನ್ ಆದ ಬಹಳ ಜನರಿಗೆ ಆ ಕಡೆ ಭುಜ ಸರಿಯಾಗಿ ಏಳುವುದಿಲ್ಲ, ಇದನ್ನೂ ಮೊದಲು ಯಾರೂ ಒತ್ತಿ ಹೇಳಲಿಲ್ಲ. ಫಿಸಿಯೋ ಹೇಳಿಕೊಟ್ಟಂತೆ ಗೋಡೆ ಮೇಲೆ ಬೆರಳು ನಡೆಸುತ್ತಾ ಹತ್ತಿಸುವುದು. ಎಲ್ಲಿಯವರೆಗೆ ಹೋಯಿತೋ ಅಲ್ಲಿ ಸೀಮೆಸುಣ್ಣದ ಗೆರೆ. ಮೊದಲ ಗೆರೆ ಅವಳ ಎದೆ ಮಟ್ಟದಲ್ಲಿದೆ, ಈಗಿನದು ಹಣೆ ಮಟ್ಟ ದಾಟಿದೆ. ಬಾಯಿ ತೆರೆಯುವ ಅಭ್ಯಾಸಕ್ಕೆ ಐಸ್‌ಕ್ರೀಂ ಕಡ್ಡಿ. ಹಲ್ಲಿನ ನಡುವೆ ಒಂದರ ಮೇಲೊಂದು ಇಡುತ್ತಾ ಹೋಗುವುದು. ಶುರುವಿನಲ್ಲಿ ಎಂಟು ಹಿಡಿಸಿತು. ಆ ಕಡ್ಡಿಗಳನ್ನೆಲ್ಲ ಅವಳು ತೊಳೆದು ಒಣಗಿಸಿ ಸಂಚಿಯಲ್ಲಿ ಇಟ್ಟುಕೊಂಡಿದ್ದಾಳೆ. ಎಲೆ ಇಡುತ್ತಿದ್ದ ಖಾನೆಯಲ್ಲಿ ಕಡ್ಡಿ, ಅಡಿಕೆ ಖಾನೆಯಲ್ಲಿ ಆ ಸ್ಟೀಲ್ ಚಮಚ.

ತೆಗೆದದ್ದರ ಬಯಾಪ್ಸಿ ರಿಪೋರ್ಟ್ ಬರಲು ಎರಡು ವಾರ. ಅಂಚುಗಳು ಕ್ಲಿಯರ್, ಅಂದರೆ ಅಲ್ಲಿ ಕ್ಯಾನ್ಸರ್ ಇಲ್ಲ, ಆದರೆ ಕತ್ತಿನ ಎರಡು ಗಂಟಿನಲ್ಲಿ ಇದೆ, ರೇಡಿಯೇಷನ್ ಬೇಕು ಅಂದರು. ಆಪರೇಷನ್ ಆಗಿ ಆರು ವಾರದ ಒಳಗೆ ಶುರುವಾದರೆ ಒಳ್ಳೆಯದು. ಆಗ ಬಂತು ಹಲ್ಲಿನ ಪ್ರಶ್ನೆ. ನಾಲ್ಕು ಹಲ್ಲು ಕೀಳಬೇಕು, ಗಾಯ ಮಾಗಲು ಹತ್ತು ಹದಿನೈದು ದಿನ ಬಿಡಬೇಕು. ಬಾಯಿ ತೆರೆಯದವಳ ಹಲ್ಲು ಕೀಳುವುದು ಅಂದರೆ ಏನು ಅಂತ ನಾನು ಹೊರಗೆ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡೆ. ಅಂತೂ ಆರನೇ ವಾರದ ಕೊನೆಗೆ ಶುರುವಾಯಿತು. 30 ಸಿಟ್ಟಿಂಗ್, ವಾರಕ್ಕೆ ಐದು ದಿನ. ಯೋಜನೆಯಲ್ಲಿ ರೇಡಿಯೇಷನ್‌ಗೆ ಬೇರೆಯೇ ಅನುಮತಿ ಹಾಕಬೇಕು, ಆಪರೇಷನ್ನಿನ ಅನುಮತಿಯೇ ಸಾಕು ಅಂತ ಸುಮ್ನೆ ಕೂರಬೇಡಿ. ಆಸ್ಪತ್ರೆ ಹತ್ತಿರ ದಿನಕ್ಕೆ 400 ರೂಪಾಯಿಯ ರೂಮು, ಸ್ಟವ್ ಇಟ್ಟುಕೊಳ್ಳಲು ಬಿಟ್ಟರು. ಮೂರನೇ ವಾರದಿಂದ ಬಾಯೆಲ್ಲ ಹುಣ್ಣು, ಮತ್ತೆ ಟ್ಯೂಬು. ಆ ಆರು ವಾರದ ಬಗ್ಗೆ ಬರೆಯಲು ಕೂತರೆ ಇದರಷ್ಟೇ ಇನ್ನೊಂದು ಆಗುತ್ತೆ, ಇನ್ನೊಂದು ದಿನ ನೋಡೋಣ.

ಯುಗಾದಿಗೆ ನಾಲ್ಕು ದಿನ ಮುಂಚೆ ಟ್ಯೂಬ್ ತೆಗೆದರು. ನುಂಗುವುದನ್ನು ಕಲಿಸುವ ಥೆರಪಿಸ್ಟ್ ಮೆತ್ತಗಿನ ಅನ್ನ, ಮೊಸರು, ಇಡ್ಲಿ ಅಂತ ಪಟ್ಟಿ ಕೊಟ್ಟರು. ಅನ್ನದ ಅಗುಳು ಅವಳ ಎಡಗೆನ್ನೆಯಲ್ಲಿ ಹೋಗಿ ಕೂತುಬಿಡುತ್ತಿತ್ತು, ಅಲ್ಲಿ ಸ್ಪರ್ಶ ಇಲ್ಲ. ಇಡ್ಲಿ ಒಣ ಒಣ, ಜೊಲ್ಲು ಬತ್ತಿಹೋಗಿದೆಯಲ್ಲ. ನಾಲ್ಕು ತುತ್ತಿಗೆ ಅರ್ಧ ಗಂಟೆ. ಮಧ್ಯೆ ತಟ್ಟೆ ದೂಡಿಬಿಡುತ್ತಿದ್ದಳು.

ಮೊನ್ನೆ ಚೆಕಪ್‌ನಲ್ಲಿ ಅವ್ವನೇ ಕೇಳಿದಳು, ತೊದಲುತ್ತಾ, ‘ಮುದ್ದೆ?’ ಥೆರಪಿಸ್ಟ್ ಮಂಗಳೂರಿನ ಕಡೆಯವರು, ಅಷ್ಟು ದೊಡ್ಡದನ್ನ ಹೇಗೆ ಅಗಿಯುತ್ತೀರಿ ಅಂದರು. ‘ಮುದ್ದೆ ಅಗಿಯೋದಾ!’ ಅಂತ ಅವ್ವ ನನ್ನ ಮುಖ ನೋಡಿದಳು, ಇವರನ್ನ ಯಾರು ಓದಿಸಿದ್ರು ಅನ್ನುವ ಹಾಗೆ. ನುಣ್ಣಗೆ ಇರಲಿ, ಗಂಟು ಇರಬಾರದು, ಗೋಲಿಗಿಂತ ಚಿಕ್ಕ ಉಂಡೆ, ಸಾರಿನಲ್ಲಿ ಪೂರ್ತಿ ಅದ್ದಿ, ತಲೆ ಸ್ವಲ್ಪ ಬಗ್ಗಿಸಿ ನುಂಗಲಿ, ಕೆಮ್ಮು ಬಂದರೆ ನಿಲ್ಲಿಸಿ ಅಂತ ಹೇಳಿ, ಅಲ್ಲೇ ನೀರಿನ ಲೋಟ ಕೊಟ್ಟು ನುಂಗುವುದನ್ನು ಪರೀಕ್ಷೆ ಮಾಡಿ ಒಪ್ಪಿದರು.

ಮನೆಗೆ ಬಂದ ರಾತ್ರಿ ಹೆಂಡತಿ ಮೆತ್ತಗೆ ತಿರುವಿ, ಖಾರ ಹಾಕದ ಬೇಳೆ ಸಾರು ಮಾಡಿದಳು. ನಿಂಬೆಹಣ್ಣಿನಷ್ಟು ಮುದ್ದೆ. ಅವ್ವ ಬಲಗಡೆಯಿಂದ ಒಂದೊಂದೇ ಉಂಡೆ ಜಾರಿಸಿದಳು. ಪ್ರತಿ ಸಲ ಗಂಟಲು ಮೇಲೆದ್ದು ಇಳಿಯುವುದನ್ನು ನಾವು ನಾಲ್ಕೂ ಜನ ಎಣಿಸುತ್ತಾ ಕೂತಿದ್ದೆವು. ಹನ್ನೊಂದು. ಕೆಮ್ಮಲಿಲ್ಲ. ಆಮೇಲೆ ಸಂಚಿಯಿಂದ ಚಮಚ ತೆಗೆದು ತಟ್ಟೆ ಅಂಚಿಗೆ ಟಣ್ ಟಣ್ ಬಡಿದಳು. ಎರಡು ಸಲ ಅಂದರೆ ನೋವು ಅಂತ ತಾನೇ ನಮ್ಮ ಲೆಕ್ಕ, ನಾನು ಗಾಬರಿಯಾಗಿ ಎದ್ದೆ. ‘ಕೂತ್ಕೋ ಮಗ, ಇನ್ನೊಂಚೂರು ಇಕ್ಕೋಕೆ ಹೇಳು’ ಅಂದಳು.